ಅರ್ಜಿಯಿಂದ ಕಾದಂಬರಿಗೆ: ಯಶಾರ್ ಕೆಮಾಲ್

ಪತ್ರಿಕೆಯ ವರದಿಗೂ ಕಾದಂಬರಿಗೂ ಏನು ನಂಟು ಎಂದು ನೀವು ಕೇಳಬಹುದು. ಟರ್ಕಿಯ ಪತ್ರಕರ್ತ, ಸಾಹಿತಿ ಯಶಾರ್ ಕೆಮಾಲರ ಬದುಕಿನಲ್ಲಿ ಇದಕ್ಕೆ ಉತ್ತರವಿದೆ.

ಅವರು 1923ರಲ್ಲಿ ದಕ್ಷಿಣ ಟರ್ಕಿಯ ಹೆಮಿತೆ ಗ್ರಾಮದ ಕುರ್ದ್ ಕುಟುಂಬವೊಂದರಲ್ಲಿ ಜನಿಸಿದರು. ಹತ್ತಿ ಬೆಳೆಯುವ ಆ ಬಯಲುಸೀಮೆಗೆ ಚುಕುರೋವಾ ಎಂದು ಹೆಸರು. ಚಿಕ್ಕಂದಿನಲ್ಲೇ ಒಂದು ಕಣ್ಣು ಹೋಯಿತು. ಐದನೆಯ ವಯಸ್ಸಿನಲ್ಲಿ ತಂದೆ ಕೊಲೆಯಾದರು. ಶಾಲೆಗೆ ಸೇರುವ ಮೊದಲೇ ಹುಡುಗ ಹಾಡು ಕಟ್ಟುತ್ತಿದ್ದ. ಹಾಗೆ ಕಟ್ಟಿದ ಹಾಡೊಂದು ಮರೆತುಹೋಯಿತು. ಊರಿಗೆ ಬಂದ ವ್ಯಾಪಾರಿಯೊಬ್ಬ ಲೆಕ್ಕ ಬರೆದಿಡುವುದನ್ನು ಕಂಡು ವಿಚಾರಿಸಿದಾಗ, ಬರೆದಿಟ್ಟದ್ದು ಮರೆತುಹೋಗದು ಎಂದು ಅವನಿಗೆ ತಿಳಿಯಿತು. ಅಕ್ಷರದ ಆಸೆ ಹುಟ್ಟಿದ್ದು ಆಗಲೇ.

ಓದು ಅರ್ಧಕ್ಕೇ ನಿಂತಿತು. ಹಲವು ಕೂಲಿ ಕೆಲಸಗಳಾದವು. ಶ್ರೀಮಂತರ ಗದ್ದೆಯ ನೀರು ಕಾಯಲು ನೇಮಕವಾದಾಗ, ರಾತ್ರಿ ಹೊತ್ತು ಗುಟ್ಟಾಗಿ ನೀರು ಹಾಯಿಸಿಕೊಳ್ಳುವುದನ್ನು ಬಡ ರೈತರಿಗೆ ಇವರೇ ಕಲಿಸಿಕೊಟ್ಟರು! ಮುಂದೆ ಕಾದಿರ್ಲಿ ಪಟ್ಟಣದಲ್ಲಿ ಅರ್ಜಿ ಬರೆಯುವ ವೃತ್ತಿ ಹಿಡಿದರು. ಅಂಥ ಬರಹಕ್ಕೆ ಅಲ್ಲಿ 'ಅರ್ಜುಹಾಲ್' ಎನ್ನುತ್ತಾರೆ. ನಮ್ಮ 'ಅರ್ಜಿ'ಗೂ ಅದಕ್ಕೂ ಮೂಲ ಒಂದೇ ಅರಬ್ಬಿ ಪದ. ಅಕ್ಷರ ಬಾರದವರು ತಮ್ಮ ಕಷ್ಟ ಹೇಳುವರು. ಇವರು ಕಿವಿಗೊಟ್ಟು ಕೇಳಿ ಬರೆಯುವರು. 1950ರಲ್ಲಿ ಕಮ್ಯುನಿಸ್ಟ್ ಪ್ರಚಾರದ ಆರೋಪದ ಮೇಲೆ ಬಂಧನಕ್ಕೂ ಒಳಗಾದರು.

1951ರಲ್ಲಿ ಇಸ್ತಾಂಬುಲ್ ನಗರದ 'ಜುಮ್ಹುರಿಯೆತ್' ಪತ್ರಿಕೆ ಸೇರಿದರು. ಆ ಪದದ ಅರ್ಥ 'ಗಣರಾಜ್ಯ'. ಹುಟ್ಟುಹೆಸರಾದ ಕೆಮಾಲ್ ಸಾದಿಕ್ ಗೋಕ್ಚೆಲಿಯನ್ನು ಬಿಟ್ಟು ಯಶಾರ್ ಕೆಮಾಲ್ ಆದದ್ದು ಇಲ್ಲಿಯೇ. ಅನಾತೋಲಿಯಾದ ಹಳ್ಳಿಗಳನ್ನು ಸುತ್ತಿ, ಭೂಮಿ ಇಲ್ಲದವರ ಪಾಡನ್ನು 1963ರವರೆಗೂ ವರದಿ ಮಾಡಿದರು. ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ 'ಇಂಜೆ ಮೆಮೆದ್' ಕಾದಂಬರಿ 1955ರಲ್ಲಿ ಪುಸ್ತಕವಾಯಿತು. ಜಮೀನುದಾರನ ದಬ್ಬಾಳಿಕೆಗೆ ತಿರುಗಿಬಿದ್ದು ಬೆಟ್ಟ ಸೇರಿದ ತರುಣನ ಕಥೆ ಅದು. ಅನೇಕ ಭಾಷೆಗಳಿಗೆ ಅನುವಾದಗೊಂಡು ಲೋಕಪ್ರಸಿದ್ಧವಾಯಿತು.

ಇಲ್ಲಿ ನೀವು ಗಮನಿಸಬೇಕಾದ ಅಂಶವೊಂದಿದೆ. ಅರ್ಜಿ ಒಬ್ಬ ಅಧಿಕಾರಿಯನ್ನು ಮುಟ್ಟುತ್ತದೆ, ವರದಿ ಓದುಗರನ್ನು ಮುಟ್ಟುತ್ತದೆ, ಕಾದಂಬರಿ ಮುಂದಿನ ತಲೆಮಾರನ್ನೂ ಮುಟ್ಟುತ್ತದೆ. ಮೂರರಲ್ಲೂ ಇದ್ದದ್ದು ಅದೇ ರೈತನ ದನಿ.

ಆ ದನಿಗೆ ಬೆಲೆ ತೆರಬೇಕಾಯಿತು. ಕುರ್ದರ ಸ್ಥಿತಿಗತಿ ಕುರಿತ ಲೇಖನಗಳಿಗಾಗಿ, ಎಪ್ಪತ್ತು ದಾಟಿದ ಮೇಲೆ ಅವರು ನ್ಯಾಯಾಲಯದ ಕಟಕಟೆ ಏರಿದರು. 1996ರಲ್ಲಿ 20 ತಿಂಗಳ ಸಜೆ ವಿಧಿಸಿ, ಅದರ ಜಾರಿಯನ್ನು ಅಮಾನತಿನಲ್ಲಿಡಲಾಯಿತು. ಮರುವರ್ಷವೇ ಜರ್ಮನಿಯ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ ಅವರಿಗೆ ಸಂದಿತು. 2015ರ ಫೆಬ್ರವರಿ 28ರಂದು ಇಸ್ತಾಂಬುಲ್‌ನಲ್ಲಿ ನಿಧನರಾದರು.

ಪತ್ರಕರ್ತರಾಗಬೇಕೆಂಬ ಹಂಬಲ ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಮೊದಲು ಒಬ್ಬರ ಕಷ್ಟವನ್ನು ನಡುವೆ ಬಾಯಿ ಹಾಕದೆ ಕೇಳಿ, ಅವರದೇ ಮಾತಿನಲ್ಲಿ ಬರೆದು ನೋಡಿ.