‘ಕೈಂಡ್ಲಿ’ ಎಂಬ ಶಬ್ದದ ತೊಡಕು

ಮರಳವಾಡಿಯ ವಿದ್ಯಾರ್ಥಿಯೊಬ್ಬನು ಈಚೆಗೆ ನಮ್ಮ ಕಚೇರಿಗೆ ಬಂದು, ಆಂಗ್ಲ ಪಾದ್ರಿ ನ್ಯೂಮನ್ 1833ರಲ್ಲಿ ರಚಿಸಿದ ‘ಲೀಡ್, ಕೈಂಡ್ಲಿ ಲೈಟ್’ ಎಂಬ ಪ್ರಾರ್ಥನಾಗೀತೆಯನ್ನು ಮುಂದಿಟ್ಟು, “ಸ್ವಾಮಿ, ಕೈಂಡ್ಲಿ ಎಂದರೆ ದಯವಿಟ್ಟು ಎಂದಲ್ಲವೆ? ಕನ್ನಡದ ಅನುವಾದದಲ್ಲಿ ಬೇರೆ ಇದೆಯಲ್ಲ?” ಎಂದು ಕೇಳಿದನು.

ನಮಗೆ ನಾಚಿಕೆಯಾಯಿತು. ಮಹಾತ್ಮಾ ಗಾಂಧಿಯವರಿಗೆ ಪ್ರಿಯವಾಗಿದ್ದ ಆ ಗೀತೆಯನ್ನು ಎಷ್ಟೋ ಸಲ ಕೇಳಿದ್ದ ನಾವೂ ಬಹುಕಾಲ ಹಾಗೆಯೇ ಗ್ರಹಿಸಿದ್ದೆವು. ರಜೆಯ ಅರ್ಜಿಯಿಂದ ಮೊದಲ್ಗೊಂಡು ಕಚೇರಿಯ ಮನವಿಗಳವರೆಗೆ ಆ ಶಬ್ದವನ್ನು ಬರೆದು ಸವೆದ ಕೈಗೆ ಬೇರೆ ಅರ್ಥ ಹೊಳೆಯುವುದೆಂತು?

‘ಲಿ’ ಎಂದು ಮುಗಿಯುವ ಇಂಗ್ಲಿಷ್ ಶಬ್ದಗಳೆಲ್ಲವೂ ಕ್ರಿಯಾವಿಶೇಷಣಗಳಲ್ಲ. ‘ಫ್ರೆಂಡ್ಲಿ’, ‘ಲವ್ಲಿ’ ಮುಂತಾದವು ಗುಣವಾಚಕಗಳು. ‘ಕೈಂಡ್ಲಿ’ ಎರಡೂ ಆಗಬಲ್ಲುದು. ಇಲ್ಲಿ ಯಾವುದೆಂಬುದನ್ನು ನಿಘಂಟು ಹೇಳದು, ಅಲ್ಪವಿರಾಮ ಹೇಳುತ್ತದೆ. ‘ಲೀಡ್’ ಎಂಬುದಾದ ಮೇಲೆ ಒಂದು ಅಲ್ಪವಿರಾಮವಿದೆ. ಆದಕಾರಣ ‘ಕೈಂಡ್ಲಿ’ ಮುಂದಿನ ‘ಲೈಟ್’ ಎಂಬುದಕ್ಕೆ ಸೇರಿ, ಎರಡೂ ಕೂಡಿ ಸಂಬೋಧನೆಯಾಗುತ್ತವೆ. ಹಾಡುವಾಗ ಆ ಚಿಹ್ನೆ ಕಿವಿಗೆ ಬೀಳದು. ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು 1926ರ ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ಬೆಳಕಿಗೆ ‘ಕರುಣಾಳು’ ಎಂಬ ವಿಶೇಷಣವನ್ನಿತ್ತರು. ಅರ್ಜಿದಾರನು ಅಧಿಕಾರಿಯನ್ನು ಬೇಡುವ ಮಾತೆಲ್ಲಿ, ಕತ್ತಲಲ್ಲಿ ಸಿಕ್ಕಿದವನು ಕರುಣೆಯುಳ್ಳ ಬೆಳಕನ್ನು ಕರೆಯುವ ಮಾತೆಲ್ಲಿ!

ಷೇಕ್ಸ್‌ಪಿಯರನ ಜೂಲಿಯೆಟ್ ಆಡುವ ‘ವೇರ್‌ಫೋರ್’ ಎಂಬ ಶಬ್ದವೂ ಇಂಥದೇ. ಅದು ‘ಎಲ್ಲಿ’ ಅಲ್ಲ, ‘ಏಕೆ’. ರೋಮಿಯೋ ಎಲ್ಲಿರುವನೆಂದು ಅವಳು ಹುಡುಕುತ್ತಿಲ್ಲ. ವೈರಿಯ ಮನೆಯ ಆ ಹೆಸರು ಅವನಿಗೇಕೆ ಬಂದಿತೆಂದು ಮರುಗುತ್ತಾಳೆ. ಇದರಲ್ಲಿ ಇಂಗ್ಲಿಷರೇ ಎಡವುವುದುಂಟು.

ಇನ್ನು ‘ಪುಟ್ ಅಪ್ ವಿತ್’ ಎಂಬಂಥ ಜೋಡುಮಾತುಗಳನ್ನು ಬಿಡಿಬಿಡಿಯಾಗಿ ಅರ್ಥ ಹಚ್ಚಿ ‘ಸಹಿಸು’ ಎಂಬಲ್ಲಿಗೆ ಮುಟ್ಟುವುದು ಯಾರಿಗೂ ಸಾಧ್ಯವಿಲ್ಲ. ನಮ್ಮ ‘ಕೈಕೊಡು’ ಎಂಬುದನ್ನು ಪರದೇಶಿಯೊಬ್ಬನು ಹಾಗೆ ಬಿಡಿಸಿದರೆ, ಸಮಯಕ್ಕೆ ಕೈಕೊಟ್ಟ ಗೆಳೆಯನನ್ನು ಉಪಕಾರಿಯೆಂದು ಹೊಗಳಿಯಾನು.

ಹಳ್ಳಿಯ ಹುಡುಗರು ಇಂಥ ಎಡೆಗಳಲ್ಲಿ ಸೋತು, ತಮ್ಮ ಬುದ್ಧಿಯೇ ಮಂದವೆಂದು ಬಗೆದು, ಮೂಲವನ್ನು ಮುಚ್ಚಿ ಪೇಟೆಯ ನೋಟ್ಸು ಪುಸ್ತಕಗಳನ್ನು ಉರುಹೊಡೆಯುತ್ತಾರೆ. ಪರೀಕ್ಷೆ ದಾಟುತ್ತದೆ, ಕಾವ್ಯ ದಕ್ಕುವುದಿಲ್ಲ. ಈ ಹುಡುಗನು ಮುಚ್ಚದೆ ಕೇಳಿದನು.

ಹೊರಡುವಾಗ ಬಾಗಿಲಲ್ಲಿ ನಿಂತು, “ಹಾಗಾದರೆ ರಜೆಯ ಅರ್ಜಿಯಲ್ಲಿ, ಸ್ವಾಮಿ?” ಎಂದನು.

“ಅಲ್ಲಿ ದಯವಿಟ್ಟು ಎಂತಲೇ ಇರಲಪ್ಪ” ಎಂದೆವು.