ಕಾವಲಿನ ಅಂಚಿನ ಊರುಗಳು

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ರೈಲಿನಲ್ಲಿ ಪ್ರಯಾಣಮಾಡುವವರಿಗೆ ಅಜ್ಜಂಪುರವು ಒಂದು ಸಣ್ಣ ನಿಲ್ದಾಣ ಮಾತ್ರ. ಆ ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗಾದರೋ ಆ ಹೆಸರನ್ನು ಕೇಳಿದೊಡನೆಯೇ ಕಣ್ಣಿಗೆ ಕಟ್ಟುವುದು ಊರಾಚೆಯ ಹುಲ್ಲುಗಾವಲು, ಅದರಲ್ಲಿ ಕೊಂಬೆತ್ತಿ ನಿಂತ ಅಮೃತಮಹಲ್ ರಾಸುಗಳು. ಕಡೂರು, ತರೀಕೆರೆ, ಅರಸೀಕೆರೆ, ಹೊಸದುರ್ಗ, ಚಳ್ಳಕೆರೆ ಸೀಮೆಗಳಲ್ಲಿ ಇಂಥ ಕಾವಲುಗಳ ಅಂಚಿನಲ್ಲಿ ಬೆಳೆದ ಊರುಗಳು ಹಲವು. ಅವುಗಳ ಸಂಸಾರ, ಕಸಬು, ನೆರೆಹೊರೆ ಮೂರೂ ಆ ಹುಲ್ಲನ್ನೇ ಆಶ್ರಯಿಸಿದ್ದುವು. ಸರ್ಕಾರದ ದಫ್ತರದಲ್ಲಿ ‘ಬೀಳು’ ಎಂದು ಕಾಣಬಹುದಾದ ಈ ನೆಲವು ಎಂದೂ ಬೀಳಾಗಿರಲಿಲ್ಲವೆಂಬುದನ್ನು ಅರಿಕೆಮಾಡುವುದೇ ಈ ಲೇಖನದ ಉದ್ದೇಶ.

ಚಿಕ್ಕದೇವರಾಜ ಒಡೆಯರು ಅರಮನೆಯ ದನದ ಮಂದೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಿಟ್ಟು, ರಾಜ್ಯದ ನಾನಾ ಕಡೆಗಳಲ್ಲಿ ಕಾವಲುಗಳನ್ನು ಗೊತ್ತುಮಾಡಿದರು. ಟಿಪ್ಪುವಿನ ಕಾಲದಲ್ಲಿ ಅದಕ್ಕೆ ಅಮೃತಮಹಲ್ ಎಂಬ ಹೆಸರು ಬಂದಿತು. ಹೈದರನ ಮತ್ತು ಟಿಪ್ಪುವಿನ ಫಿರಂಗಿಗಳು ಶತ್ರುವು ಬೆರಗಾಗುವಷ್ಟು ವೇಗದಿಂದ ಸಾಗಿದುದು ಈ ಎತ್ತುಗಳ ಹೆಗಲಮೇಲೆ. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಕೆರೆಯೂ ಮರದ ನೆರಳೂ ಉಳ್ಳದ್ದು ಬೇಸಗೆಗೊಂದು, ಹೀಗೆ ಕಾವಲುಗಳನ್ನು ವಿಂಗಡಿಸಿ ಮಂದೆಯನ್ನು ನಡೆಸುವ ಕ್ರಮವಿದ್ದಿತು. ಹುಲ್ಲಿಗೆ ವಿಶ್ರಾಂತಿ ಕೊಡಬೇಕೆಂಬ ತಿಳಿವಳಿಕೆಯು ನಮ್ಮ ದನಗಾಹಿಗಳಿಗೆ ಯಾವ ಪರದೇಶದ ಪುಸ್ತಕದಿಂದಲೂ ಬಂದುದಲ್ಲ.

ನಮ್ಮ ತಂದೆಯವರದು ಹಗ್ಗ, ಮೂಗುದಾರ, ಕೊರಳಗಂಟೆಗಳನ್ನು ಮಾರುವ ಪುಟ್ಟ ಅಂಗಡಿ. ವರ್ಷಕ್ಕೊಮ್ಮೆ ಅಮೃತಮಹಲ್ ಗಂಡುಕರುಗಳ ಹರಾಜು ನಡೆಯುವಾಗ ದಾವಣಗೆರೆ, ಹಾವೇರಿಗಳ ಕಡೆಯ ರೈತರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ನಮ್ಮ ಜಗಲಿಯಲ್ಲಿ ಆ ದಿನಗಳಲ್ಲಿ ಕಾಲಿಡಲು ಎಡೆಯಿರುತ್ತಿರಲಿಲ್ಲ. ನಮ್ಮ ತಾಯಿಯವರು ಗುಡಾಣದ ಮಜ್ಜಿಗೆಯನ್ನೆಲ್ಲ ಅವರಿಗೆ ಬಡಿಸಿ, ನಮಗೆ ಬರಿಯ ಸಾರಿನಲ್ಲಿ ಊಟ ಮುಗಿಸುತ್ತಿದ್ದರು. ಬಯಲಿನಲ್ಲಿ ಬೆಳೆದು ಮನುಷ್ಯನ ಕೈಯನ್ನೇ ಅರಿಯದ ಆ ಕರುಗಳನ್ನು ಹಿಡಿದು ಹಗ್ಗ ಹಾಕುವುದು ಸಾಮಾನ್ಯ ಸಾಹಸವಲ್ಲ. ಕೊಂಡವನ ಕೈಯಲ್ಲಿ ಕರುವಿಗೆ ಕೊಟ್ಟು ಮಿಕ್ಕ ಹಣವಿಲ್ಲದಿದ್ದರೆ, “ಯಜಮಾನರೇ, ಹಗ್ಗದ ದುಡ್ಡು ಸುಗ್ಗಿಗೆ” ಎನ್ನುವನು. “ಆಗಲಪ್ಪ, ಕರು ಚೆನ್ನಾಗಿರಲಿ” ಎಂದು ತಂದೆಯವರು ಹೇಳುವರು. ಪತ್ರವಿಲ್ಲ, ಸಾಕ್ಷಿಯಿಲ್ಲ. ಸುಗ್ಗಿ ಕಳೆದಮೇಲೆ ಹಣವು ಯಾರ ಕೈಯಲ್ಲಾದರೂ ಬಂದು ಸೇರುತ್ತಿದ್ದಿತು.

ಒಂದು ವರ್ಷ ಮಳೆ ಕೈಕೊಟ್ಟು ಮೇವಿಲ್ಲದೆ ಹೋದಾಗ, ನಮ್ಮ ಮನೆಯ ಒಂದೇ ಹಸು ಕಣ್ಣಿ ಹರಿದುಕೊಂಡು ರಾತ್ರಿ ಎತ್ತಲೋ ಹೋಯಿತು. ಎರಡು ದಿನ ಹುಡುಕಿ ತಂದೆಯವರು ಆಸೆ ಬಿಟ್ಟರು. ಮೂರನೆಯ ದಿನ ಬೆಳಗ್ಗೆ ಕಾವಲಿನ ಹಿರಿಯ ದನಗಾಹಿಯೊಬ್ಬನು, ಕಂಬಳಿಯ ಕೊಪ್ಪೆ ಹಾಕಿಕೊಂಡು, ಹಸುವನ್ನು ಹೊಡೆದುಕೊಂಡು ಬಾಗಿಲಿಗೆ ಬಂದನು. “ಕೊರಳ ಗಂಟೆ ನಿಮ್ಮಂಗಡೀದು, ಸ್ವಾಮಿ, ಸದ್ದು ಕೇಳಿದ್ರೆ ಗೊತ್ತಾಗಾಕಿಲ್ವಾ?” ಎಂದನು. ಕಾಸು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ನಮ್ಮ ಮನೆಯ ಹಬ್ಬಗಳಿಗೆಲ್ಲ ಅವನ ಮನೆಗೆ ಹೇಳಿಕಳುಹಿಸುವುದು ಪದ್ಧತಿಯಾಯಿತು. ಅವನು ತೀರಿಕೊಂಡಾಗ ತಂದೆಯವರು ಇಡೀ ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ.

ಇಂಥ ಬಾಳ್ವೆಗೆ ಆಧಾರವಾದ ಸಂಸ್ಥೆಯನ್ನು ಒಮ್ಮೆ ಕಳೆದುಕೊಂಡು ಪಶ್ಚಾತ್ತಾಪಪಟ್ಟ ಚರಿತ್ರೆಯೂ ನಮ್ಮ ಮುಂದಿದೆ. 1799ರಲ್ಲಿ ಮಂದೆಯು ಆಂಗ್ಲರ ವಶವಾಯಿತು. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್ನರ ಕಾಲದಲ್ಲಿ, ವೆಚ್ಚವನ್ನು ಉಳಿಸುವೆವೆಂದು ಅದನ್ನು ಒಡೆದು ಮಾರಿಬಿಟ್ಟರು. ಮಾರಾಟದಿಂದಾದ ನಷ್ಟವು ಸ್ವಲ್ಪ ಕಾಲದಲ್ಲಿಯೇ ತಿಳಿದು, 1866ರಲ್ಲಿ ಚದರಿದ ತಳಿಯನ್ನು ಹುಡುಕಿ ಮತ್ತೆ ಕೂಡಿಸಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಸೇರಿತು. ರಾಸುಗಳನ್ನು ಹೀಗೆ ಮರಳಿ ಕೂಡಿಸಬಹುದು. ಉತ್ತುಹೋದ, ಗೋಡೆ ಎದ್ದ ಕಾವಲನ್ನು ಮರಳಿ ಪಡೆಯುವುದೆಂತು?

ಪೂರ್ವದಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲು ಭೂಮಿಯಲ್ಲಿ ಇಂದು ಉಳಿದಿರುವುದು ಅಲ್ಪಭಾಗ. ಅದನ್ನು ಕರಗಿಸಿದವರು ಪರಕೀಯರು ಮಾತ್ರವಲ್ಲ. ಸ್ವಾತಂತ್ರ್ಯ ಬಂದಮೇಲೆ ಸಾಗುವಳಿಗೆಂದೂ ಕಟ್ಟಡಗಳಿಗೆಂದೂ ತುಂಡುತುಂಡಾಗಿ ಕೊಟ್ಟವರು ನಾವೇ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು ಕಾವಲುಗಳ ಸುಮಾರು 10,000 ಎಕರೆಯಷ್ಟು ನೆಲವು ಈ ಶತಮಾನದ ಮೊದಲ ದಶಕದ ಕೊನೆಯಿಂದ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ವಿಜ್ಞಾನವು ಬೇಡವೆನ್ನುವ ಅವಿವೇಕ ನಮ್ಮದಲ್ಲ. ಆದರೆ ಬೇಲಿಯ ಹೊರಗುಳಿದ ಕುರಿಗಾರನೂ, ಅವನ ಉಣ್ಣೆಯಿಂದ ಕಂಬಳಿ ನೇಯುವವನೂ, ದೇವರ ದನಗಳನ್ನು ಕಾಯುವ ಮ್ಯಾಸಬೇಡ ಕಿಲಾರಿಯೂ ರಾಷ್ಟ್ರವೆಂಬ ಮಾತಿಗೆ ಸೇರಿದವರಲ್ಲವೇ? 2011ರಲ್ಲಿ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಕೃಷ್ಣಮೃಗಗಳ ಸಲುವಾಗಿ ಸಂರಕ್ಷಿತ ಪ್ರದೇಶವೆಂದು ಸಾರಿದುದು ಸ್ತುತ್ಯರ್ಹವಾದ ಕೆಲಸ. ಜಿಂಕೆಗೆ ತೋರಿದ ದಯೆಯನ್ನು ದನಕ್ಕೂ ದನಗಾಹಿಗೂ ತೋರಬಾರದೇಕೆ?

ಉಳಿದಿರುವ ಕಾವಲುಗಳನ್ನು ಅಳೆದು ಗಡಿಕಲ್ಲು ನೆಡುವುದು, ಅವುಗಳ ಮೇಲೆ ನೆರೆಯ ಊರವರಿಗೆ ರೂಢಿಯಿಂದ ಬಂದ ಹಕ್ಕನ್ನು ಬರೆದಿಡುವುದು ಅಧಿಕಾರಿಗಳಿಂದ ಸಾಧ್ಯವಾದ ಕೆಲಸವೇ ಆಗಿದೆ. ನೆಲದ ಹೆಸರಿನ ಮುಂದೆ ‘ಬೀಳು’ ಎಂದು ಬರೆಯಲು ಲೇಖನಿಯನ್ನು ಎತ್ತುವ ಮುನ್ನ ಒಂದು ಸಂಜೆ ಆ ಕಾವಲಿನ ಅಂಚಿಗೆ ಹೋಗಿ ನಿಲ್ಲಬೇಕೆಂದು ಅವರಲ್ಲಿ ನಮ್ಮ ವಿಜ್ಞಾಪನೆ. ಮನೆಗೆ ಮರಳುವ ಮಂದೆಯ ಗಂಟೆಗಳು ಅಲ್ಲಿ ಇನ್ನೂ ಕೇಳಿಸುತ್ತವೆ.