ಕಾಗದದ ನಕ್ಷೆ ಮತ್ತು ಫೋನಿನ ನಕ್ಷೆ



ಈ ಸಲ ಗೋಡೆ ಪತ್ರಿಕೆಗೆ ನಕ್ಷೆಗಳ ಬಗ್ಗೆ ಬರೀತೀನಿ ಅಂತ ಮೇಷ್ಟ್ರಿಗೆ ನಾನೇ ಹೇಳಿದೆ. ಯಾಕೆಂದರೆ ಹೋದ ಮಳೆಗಾಲದಲ್ಲಿ ನನ್ನಿಂದ ಒಂದು ತಪ್ಪಾಯಿತು.

ನಮ್ಮ ಅಜ್ಜಿಗೆ ಉಬ್ಬಸ ಜಾಸ್ತಿಯಾಗಿ, ಬೇಗ ಮಣಿಪಾಲಕ್ಕೆ ಮುಟ್ಟಿಸಿ ಅಂತ ಇಲ್ಲಿನ ಡಾಕ್ಟರು ಹೇಳಿದರು. ಸಂಜೆ ಓಮ್ನಿಯಲ್ಲಿ ಹೊರಟೆವು. ಅಜ್ಜಿ ಹಿಂದಿನ ಸೀಟಿನಲ್ಲಿ ಅಮ್ಮನಿಗೆ ಒರಗಿಕೊಂಡಿದ್ದರು. ಶಿಕಾರಿಪುರದಿಂದ ಆನಂದಪುರದ ತನಕ ಅಪ್ಪನಿಗೆ ದಾರಿ ಗೊತ್ತು, ಮುಂದೆ ಗೊತ್ತಿಲ್ಲ. ಅದಕ್ಕೇ ನನ್ನನ್ನು ಮುಂದೆ ಕೂರಿಸಿ ಫೋನು ಕೊಟ್ಟು "ನೀನು ದಾರಿ ನೋಡ್ತಿರು ಪುಟ್ಟಿ" ಅಂದರು. ನನಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಹೊಸನಗರ ದಾಟಿದ ಮೇಲೆ ಫೋನು ಬಲಕ್ಕೆ ತಿರುಗಿ ಅಂತ ತೋರಿಸಿತು. ಹನ್ನೊಂದು ಕಿಲೋಮೀಟರ್ ಉಳಿಯುತ್ತದೆ ಅಂತಲೂ ಬಂತು. ಅಪ್ಪ ಅನುಮಾನ ಮಾಡಿದರು. ಕತ್ತಲೆ, ಜೋರು ಮಳೆ ಬೇರೆ. ನಾನೇ "ಇಲ್ಲ ಅಪ್ಪಾ, ಇದೇ ಹತ್ತಿರ, ತಿರುಗಿಸು" ಅಂದೆ. ಸ್ವಲ್ಪ ದೂರ ಡಾಂಬರು ಇತ್ತು. ಆಮೇಲೆ ಮಣ್ಣು ರಸ್ತೆ. ಆಮೇಲೆ ಒಂದು ಹಳ್ಳ ತುಂಬಿ ಹರಿಯುತ್ತಿತ್ತು. ಫೋನಿನಲ್ಲಿ ಗೆರೆ ಆಚೆ ದಡಕ್ಕೂ ಹೋಗಿತ್ತು, ಎದುರಿಗೆ ನೋಡಿದರೆ ಅಡಿಕೆ ಮರದ ದಬ್ಬೆ ಹಾಸಿದ ಸೇತುವೆ! ಬ್ಯಾಟರಿ ಹಿಡಿದು ಬಂದ ಒಬ್ಬರು "ಇದು ಕಾಲುಸಂಕ ಮಾರಾಯ್ರೆ, ಮನುಷ್ಯರು ದಾಟೋದು. ಗಾಡಿ ಹೋಗೋದಿಲ್ಲ" ಅಂದರು. ಅಷ್ಟರಲ್ಲಿ ಫೋನಿನಲ್ಲಿ ನೆಟ್‌ವರ್ಕ್ ಹೋಗಿ ನಕ್ಷೆಯೆಲ್ಲ ಬಿಳೀ ಹಾಳೆ ಆಯಿತು. ನೀಲಿ ಚುಕ್ಕೆ ಮಾತ್ರ ಉಳಿಯಿತು. ಹಿಂದಿನ ಸೀಟಿನಿಂದ ಅಜ್ಜಿಯ ಉಸಿರಿನ ಸದ್ದು ಕೇಳುತ್ತಿತ್ತು.

ಅಪ್ಪ ಸೀಟಿನ ಕೆಳಗಿಂದ ಹಳೇ ಕರ್ನಾಟಕ ರಸ್ತೆ ನಕ್ಷೆ ತೆಗೆದರು. ಮಡಿಕೆಯಲ್ಲೆಲ್ಲ ಹರಿದಿತ್ತು. ಬ್ಯಾಟರಿ ಬೆಳಕಲ್ಲಿ ಬೆರಳಿಟ್ಟು ಓದಿದರು: ಹೊಸನಗರ, ನಗರ, ಹುಲಿಕಲ್ ಘಾಟಿ, ಸಿದ್ದಾಪುರ, ಕುಂದಾಪುರ. ಹಿಂದಕ್ಕೆ ಬಂದು ದೊಡ್ಡ ರಸ್ತೆ ಹಿಡಿದೆವು. ಒಂದೂವರೆ ಗಂಟೆ ಹಾಳಾಗಿತ್ತು. ಆಸ್ಪತ್ರೆ ಮುಟ್ಟಿದಾಗ ರಾತ್ರಿ ಒಂದು ಗಂಟೆ. ಯಾರೂ ನನಗೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ನಾನು ಮೇಷ್ಟ್ರನ್ನೂ, ನಮ್ಮ ಮಾವನನ್ನೂ ಕೇಳಿ ಕೇಳಿ ತಿಳಿದುಕೊಂಡೆ. ಮೊದಲು ಆ ನೀಲಿ ಚುಕ್ಕೆ ವಿಷಯ. ನೆಟ್‌ವರ್ಕ್ ಇಲ್ಲದಿದ್ದರೂ ಅದು ಹೇಗೆ ಉಳಿಯಿತು? ಅದು ಬರುವುದು ಟವರಿನಿಂದ ಮಾತ್ರ ಅಲ್ಲ, ಆಕಾಶದಿಂದ. ಜಿಪಿಎಸ್ ಎಂಬ ಅಮೆರಿಕದ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ "ಈಗ ಗಂಟೆ ಇಷ್ಟು, ನಾನು ಇಲ್ಲಿದ್ದೇನೆ" ಅಂತ ರೇಡಿಯೋ ಅಲೆಯಲ್ಲಿ ಹೇಳುತ್ತಾ ಇರುತ್ತವೆ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುತ್ತದೆ. ಅಷ್ಟು ಎತ್ತರದಿಂದ ಬರಲು ಸೆಕೆಂಡಿನಲ್ಲಿ ಸುಮಾರು ಹದಿನೈದನೇ ಒಂದು ಭಾಗ ಸಾಕು. ಎಷ್ಟು ತಡವಾಗಿ ಬಂತು ಅನ್ನೋದರ ಮೇಲೆ ಫೋನು ದೂರ ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳ ದೂರ ಸಿಕ್ಕಿದರೆ ಜಾಗ ಗೊತ್ತಾಗಬೇಕು. ಆದರೆ ಫೋನಿನ ಗಡಿಯಾರ ಅಷ್ಟು ನಿಖರ ಅಲ್ಲ, ಆ ತಪ್ಪು ಸರಿಮಾಡಲು ನಾಲ್ಕನೆಯದೂ ಬೇಕು. ನಮ್ಮ ಇಸ್ರೋ ಕೂಡ ನಾವಿಕ್ ಅಂತ ಇಂಥದ್ದನ್ನೇ ಮಾಡಿದೆ, ಅದರ ಮೊದಲ ಉಪಗ್ರಹ ಹಾರಿದ್ದು 2013ರಲ್ಲಿ. ಇಸ್ರೋದ ಉಪಗ್ರಹಗಳನ್ನು ನೋಡಿಕೊಳ್ಳುವ ಒಂದು ಕೇಂದ್ರ ಹಾಸನದಲ್ಲೇ ಇದೆ ಗೊತ್ತಾ?

ಹಾಗಾದರೆ ನಕ್ಷೆ ಯಾಕೆ ಮಾಯವಾಯಿತು? ಚುಕ್ಕೆ ಆಕಾಶದಿಂದ, ಚಿತ್ರ ಇಂಟರ್‌ನೆಟ್‌ನಿಂದ. ಮನೆಯಲ್ಲಿ ನೆಟ್‌ವರ್ಕ್ ಇರುವಾಗಲೇ ಹೋಗುವ ಊರುಗಳ ನಕ್ಷೆ ಫೋನಿನಲ್ಲಿ ಇಳಿಸಿಕೊಂಡಿದ್ದರೆ ಕಾಡಿನಲ್ಲೂ ಕಾಣುತ್ತಿತ್ತು. ಇದು ನಮ್ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನು ಕಾಲುಸಂಕ. ಫೋನಿಗೆ ಎಲ್ಲ ಗೆರೆಯೂ ಗೆರೆಯೇ. ಬೇರೆಯವರ ಫೋನುಗಳು ಆ ರಸ್ತೆಯಲ್ಲಿ ಎಷ್ಟು ಬೇಗ ಹೋಗುತ್ತವೆ ಅಂತ ನೋಡಿ ಅದು ದಾರಿ ಹೇಳುತ್ತದೆ, ಪೇಟೆಯಲ್ಲಿ ಅದಕ್ಕೇ ಅದು ಜಾಣ. ಯಾರೂ ಗಾಡಿ ಓಡಿಸದ ಕಡೆ ಬರೀ ಅಂದಾಜು. ಕಾಲುದಾರಿಯನ್ನು ಯಾರಾದರೂ ರಸ್ತೆ ಅಂತ ಸೇರಿಸಿಬಿಟ್ಟರೆ ಮುಗೀತು.

ಅಪ್ಪನ ನಕ್ಷೆಯಲ್ಲಿ ಆ ದಾರಿಯೇ ಇರಲಿಲ್ಲ. ಅದರ ಅಳತೆ 1 ಸೆಂ.ಮೀ.ಗೆ 10 ಕಿ.ಮೀ. ಅಂದ್ರೆ 1 ಮಿ.ಮೀ. ಅಂದರೆ 1 ಕಿ.ಮೀ. ಗೆರೆ ಅರ್ಧ ಮಿ.ಮೀ. ದಪ್ಪ ಇದ್ದರೂ ಅರ್ಧ ಕಿ.ಮೀ. ಅಗಲದ ರಸ್ತೆ ಆಯ್ತಲ್ಲ! ಅದಕ್ಕೇ ದೊಡ್ಡ ರಸ್ತೆಗಳನ್ನಷ್ಟೇ ಹಾಕುತ್ತಾರೆ. ಆ ರಾತ್ರಿ ನಮಗೆ ಅದೇ ಒಳ್ಳೇದಾಯಿತು. ರಸ್ತೆಯ ಮೇಲೆ ದಾರ ಇಟ್ಟು ಅಳೆದು ದೂರ ಹುಡುಕಬಹುದು, ಆದರೆ ಘಾಟಿಯಲ್ಲಿ ಲೆಕ್ಕ ಕಡಿಮೆ ಬರುತ್ತದೆ, ಅಷ್ಟು ತಿರುವು ಗೆರೆಯಲ್ಲಿ ಹಿಡಿಸೋದಿಲ್ಲ.

ಹಾಗಂತ ಕಾಗದದ ನಕ್ಷೆ ಸತ್ಯಹರಿಶ್ಚಂದ್ರ ಅಲ್ಲ. ಅಪ್ಪನದರಲ್ಲಿ 27 ಜಿಲ್ಲೆ ಇವೆ, ಈಗ 31. ಸಾಗರದ ಹೆದ್ದಾರಿಗೆ 206 ಅಂತ ಬರೆದಿದೆ, ಈಗ ಅದು 69. ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಅದರಲ್ಲಿ ಬರೀ ನೀಲಿ ಬಣ್ಣ. ಮೊದಲು ಲಾಂಚ್‌ನಲ್ಲಿ ದಾಟಬೇಕಿತ್ತು, 2025ರ ಜುಲೈನಲ್ಲಿ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಶುರುವಾಯಿತು. ಹಳೇ ನಕ್ಷೆ ನಂಬಿದವರು ಈಗಲೂ ಲಾಂಚ್ ಹುಡುಕುತ್ತಾ ನಿಲ್ಲಬೇಕು.

ದಾರಿ ತಪ್ಪಿದಾಗ ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಆ ರಾತ್ರಿ ಮುಖ್ಯ ರಸ್ತೆಗೆ ಬಂದಾಗ ಮೊದಲು ನೋಡಿದ್ದು ಕಲ್ಲನ್ನೇ.

ಅಜ್ಜಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಮುಂದಿನ ತಿಂಗಳು ಮತ್ತೆ ತೋರಿಸಲು ಹೋಗಬೇಕು. ಊರುಗಳ ಹೆಸರನ್ನು ಸಾಲಾಗಿ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಫೋನಿಗೂ ನಕ್ಷೆ ಇಳಿಸಿದ್ದೇನೆ. ಮುಂದಿನ ಸೀಟಿನಲ್ಲಿ ನಾನೇ ಕೂರಬೇಕಂತೆ. ಅಜ್ಜಿಯೇ ಹೇಳಿದ್ದು.